ಎರಡು ವಿಮಾನಗಳ ನಡುವೆ ಒಂದು ಹಗಲು

ನಮ್ಮ ಮತ್ತೋಡಿನವರಿಗೆ ಕಾಯುವುದು ಹೊಸತಲ್ಲ. ಹೊಸದುರ್ಗದ ಬಸ್ಸಿಗೆ ಕಟ್ಟೆಯ ಮೇಲೆ ಕುಳಿತು ಕಾಯುತ್ತೇವೆ; ಮುಂಗಾರಿಗೆ ಕಾಯುತ್ತೇವೆ; ಕೊಳವೆಬಾವಿಯ ಮೋಟಾರಿಗೆ ಕರೆಂಟು ಬರುವ ಸರಿರಾತ್ರಿಗಾಗಿ ಕಾಯುತ್ತೇವೆ. ಆದರೆ ಒಂದು ವಿಮಾನದಿಂದ ಇಳಿದು ಮತ್ತೊಂದನ್ನು ಏರುವ ನಡುವೆ, ಭಾಷೆ ತಿಳಿಯದ ನಾಡಿನಲ್ಲಿ 26 ಗಂಟೆಗಳ ಕಾಲ ಕಾಯಬೇಕೆಂದು ಮಗನು ದೂರವಾಣಿಯಲ್ಲಿ ತಿಳಿಸಿದಾಗ ನನ್ನ ಶ್ರೀಮತಿಯವರು ಮುಖ ಸಣ್ಣದು ಮಾಡಿಕೊಂಡರು. "ಅಲ್ಲಿ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಲು ಬಿಡುತ್ತಾರೆಯೆ?" ಎಂಬುದು ಅವರ ಮೊದಲ ಪ್ರಶ್ನೆ.

ಮಗ ಸೊಸೆಯರು ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಮೊಮ್ಮಗಳು ಹುಟ್ಟಿ ಮೂರು ತಿಂಗಳಾಗಿತ್ತು. ಬೆಂಗಳೂರಿನಿಂದ ಜಪಾನಿನ ನರಿತಾ ನಿಲ್ದಾಣಕ್ಕೆ ಜಪಾನ್ ಏರ್‌ಲೈನ್ಸಿನವರ ನೇರ ವಿಮಾನವಿದೆ. 2020ರ ವಸಂತದಲ್ಲೇ ಆರಂಭವಾಗಬೇಕಿದ್ದ ಈ ಸಂಚಾರ ಕೊರೋನಾ ಹಾವಳಿಯಿಂದಾಗಿ ತಡವಾಗಿ ಮೊದಲಾಯಿತು. ಪೂರ್ವಾಭಿಮುಖವಾಗಿ ಹೋಗಿ ಪೆಸಿಫಿಕ್ ಸಾಗರವನ್ನು ದಾಟಿ ಅಮೆರಿಕೆಯ ಪಶ್ಚಿಮ ತೀರವನ್ನು ಸೇರುವ ಈ ದಾರಿ ನಮ್ಮ ಕನ್ನಡಿಗ ಕುಟುಂಬಗಳಿಗೆ ಈಗ ಪರಿಚಿತವಾಗುತ್ತಿದೆ. ಒಂದು ರಾತ್ರಿ ನರಿತಾದಲ್ಲಿ ತಂಗುವ ಟಿಕೆಟ್ಟು ಅಗ್ಗವೆಂದು ಮಗ ಅದನ್ನೇ ಕೊಂಡಿದ್ದ. ಮೇ ತಿಂಗಳ ಒಂದು ನಡುರಾತ್ರಿ ನಾವು ಹೊರಟೆವು.

ನನ್ನ ಕೈಚೀಲದಲ್ಲಿ ಪಾಸ್‌ಪೋರ್ಟಿನ ಜೊತೆಗೆ ಇನ್ನೊಂದು ಕಾಗದದ ಕಟ್ಟಿತ್ತು. ಊರಿನ ನಾಲ್ಕು ಎಕರೆ ತೆಂಗಿನ ತೋಟದ ಪಹಣಿ, ಮತ್ತು ಅದನ್ನು ಕೊಳ್ಳಲು ಮುಂದೆ ಬಂದವರು ಬರೆದುಕೊಟ್ಟ ಕರಾರಿನ ಕರಡು. ಮೂರು ಕೊಳವೆಬಾವಿಗಳಲ್ಲಿ ಎರಡು ಬತ್ತಿಹೋಗಿವೆ. ಸುಳಿ ಒಣಗಿದ ಮರಗಳನ್ನು ಎಣಿಸುವುದನ್ನು ನಾನು ಬಿಟ್ಟಿದ್ದೇನೆ. ಮಾರಿ ತಮ್ಮೊಂದಿಗೇ ಬಂದು ಇರಬೇಕೆಂಬುದು ಮಗನ ಆಸೆ. ಅವನ ಮಾತಿನಲ್ಲಿ ತಪ್ಪಿಲ್ಲ. ಎದುರು ಕುಳಿತು ಮಾತಾಡಿ ನಿರ್ಧರಿಸೋಣವೆಂದು ಕಾಗದಗಳನ್ನು ಹಾಗೆಯೇ ಕಟ್ಟಿಕೊಂಡು ಹೊರಟಿದ್ದೆ.

ಈ ಮಾರ್ಗದಲ್ಲಿ ಹೋಗುವ ನಮ್ಮ ಬಂಧುಗಳಿಗೆ ಉಪಯೋಗವಾಗಲೆಂದು ಕೆಲವು ಲೌಕಿಕ ಸಂಗತಿಗಳನ್ನು ಮೊದಲೇ ಹೇಳಿಬಿಡುತ್ತೇನೆ. ವಿಮಾನ ಬದಲಿಸುವವರೆಗೆ ನಿಲ್ದಾಣದ ಒಳಗೇ ಇರುವುದಾದರೆ ಜಪಾನಿನ ವೀಸಾ ಬೇಕಿಲ್ಲ. ಬಾಗಿಲು ದಾಟಿ ಹೊರಗೆ ಕಾಲಿಡಬೇಕಾದರೆ ಭಾರತೀಯರು ಮೊದಲೇ ವೀಸಾ ಪಡೆದಿರಲೇಬೇಕು. ಹಾದುಹೋಗುವವರಿಗೆಂದೇ ಕೊಡುವ, ಹದಿನೈದು ದಿನಗಳವರೆಗಿನ ವೀಸಾ ಒಂದಿದೆ. ನಾವು ಪಡೆದದ್ದು ಅದನ್ನೇ. ಹೋಗುವಾಗಲೂ ಬರುವಾಗಲೂ ಹೊರಬೀಳುವ ಆಸೆಯುಳ್ಳವರು ಎರಡು ಬಾರಿ ಪ್ರವೇಶಿಸುವ ಅನುಮತಿಯನ್ನು ಅರ್ಜಿಯಲ್ಲಿಯೇ ಕೇಳಬೇಕು. ನಾನು ಕೇಳಲಿಲ್ಲ, ಅದರ ಫಲವನ್ನು ಮುಂದೆ ಹೇಳುವೆನು. ಟೋಕಿಯೋಗೆ ಹನೇದಾ ಎಂಬ ಇನ್ನೊಂದು ವಿಮಾನ ನಿಲ್ದಾಣವೂ ಉಂಟು. ಇಳಿಯುವುದು ಒಂದರಲ್ಲಿ, ಏರುವುದು ಮತ್ತೊಂದರಲ್ಲಿ ಎಂಬಂತಹ ಟಿಕೆಟ್ಟುಗಳೂ ಇರುವುದರಿಂದ ಹೆಸರನ್ನು ಎರಡೆರಡು ಸಲ ಓದಿ ನೋಡಬೇಕು.

ಮತ್ತೊಂದು ಮಾತು. ನರಿತಾ ಎಂದರೆ ಟೋಕಿಯೋ ಅಲ್ಲ. ಆ ಮಹಾನಗರದ ನಡುವಿಗೆ ಅಲ್ಲಿಂದ 60 ಕಿಲೋಮೀಟರುಗಳಷ್ಟು ದೂರ. ವೇಗದ ರೈಲು ನಗರದ ಅಂಚನ್ನು 36 ನಿಮಿಷಗಳಲ್ಲಿ ಮುಟ್ಟಿಸುತ್ತದೆಂಬುದು ನಿಜ. ಆದರೆ ಇಳಿದು ಹೊರಬರಲು ಒಂದು ಗಂಟೆ, ಮರಳಿ ತಪಾಸಣೆಗೆ ನಿಲ್ಲಲು ಎರಡು ಗಂಟೆ ಕಳೆದರೆ ಏಳೆಂಟು ಗಂಟೆಗಳ ಬಿಡುವಿನಲ್ಲಿ ಉಳಿಯುವುದು ಎಷ್ಟು? ಐದು ಗಂಟೆಗಳಿಗಿಂತ ಕಡಿಮೆ ಇದ್ದರೆ ಒಳಗೇ ಕಾಲು ಚಾಚಿ ಕುಳಿತುಕೊಳ್ಳಿರಿ. ಅದಕ್ಕಿಂತ ಹೆಚ್ಚಿದ್ದರೆ ಹತ್ತೇ ನಿಮಿಷಗಳ ರೈಲು ಪ್ರಯಾಣದಷ್ಟು ದೂರದಲ್ಲಿರುವ ನರಿತಾ ಊರಿಗೆ ಹೋಗಿರಿ. ಎತ್ತರದ ಕಟ್ಟಡಗಳನ್ನು ನೋಡಲು ಜಪಾನಿನವರೆಗೆ ಹೋಗಬೇಕಿಲ್ಲವೆಂಬುದು ನನ್ನ ಅಭಿಪ್ರಾಯ.

ನಮ್ಮಂತಹ ಮನೆಗಳವರಿಗೆ ಪ್ರಯಾಣದಲ್ಲಿ ಬರುವ ಸಂಕೋಚವೊಂದಿದೆ. ಎದೆಯ ಮೇಲಿನ ಬೆಳ್ಳಿಯ ಕರಡಿಗೆ ಲೋಹಶೋಧಕದ ಕಮಾನಿನಡಿಯಲ್ಲಿ ಕೂಗಿಕೊಳ್ಳುತ್ತದೆ. ಮುಜುಗರಪಡದೆ ಮೊದಲೇ ತಿಳಿಸಿದರೆ ಕೈಯಿಂದ ತಪಾಸಣೆ ಮಾಡಿ ಬಿಡುತ್ತಾರೆ. ಶ್ರೀಮತಿಯವರ ಚೀಲದಲ್ಲಿದ್ದ ವಿಭೂತಿ ಗಟ್ಟಿಯನ್ನು ಒಬ್ಬ ತರುಣ ಅಧಿಕಾರಿ ಹಿಂದೆ ಮುಂದೆ ತಿರುಗಿಸಿ ನೋಡಿದ. ಏನೆಂದು ವಿವರಿಸಲು ಮಾತು ಬಾರದೆ ಅವರು ಅದನ್ನು ಬೆರಳಿಗೆ ಸೋಕಿಸಿ ಹಣೆಗೆ ಇಟ್ಟು ತೋರಿಸಿದರು. ಅವನು ತಲೆಬಾಗಿ ಎರಡೂ ಕೈಗಳಿಂದ ಗಟ್ಟಿಯನ್ನು ಮರಳಿಸಿದ. ಎರಡೂ ಕೈಗಳಿಂದ ಕೊಡುವುದು ಆ ನಾಡಿನ ರೂಢಿಯೆಂದು ಆಮೇಲೆ ತಿಳಿಯಿತು. ಆದರೂ ಶ್ರೀಮತಿಯವರಿಗೆ ಅಂದಿನಿಂದ ಜಪಾನಿನವರ ಬಗ್ಗೆ ಒಂದು ಅಭಿಮಾನ.

ಮಧ್ಯಾಹ್ನ ಮೂರರ ಸುಮಾರಿಗೆ ಇಳಿದೆವು. ಬೆರಳ ಗುರುತು, ಛಾಯಾಚಿತ್ರ, ಮುದ್ರೆ ಎಲ್ಲ ಮುಗಿದು ನರಿತಾ ಊರಿನ ಚಿಕ್ಕದೊಂದು ವಸತಿಗೃಹವನ್ನು ಸೇರುವಾಗ ಸಂಜೆಯಾಗಿತ್ತು. ಕೋಣೆ ನಮ್ಮ ಪೂಜಾಗೃಹದಷ್ಟೇ ದೊಡ್ಡದು, ಅಷ್ಟೇ ಚೊಕ್ಕಟ. ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿದೆ. ಮೇ ತಿಂಗಳಲ್ಲಿ ಅಲ್ಲಿ ನಾಲ್ಕೂವರೆಗೇ ಸೂರ್ಯೋದಯ. ಐದು ಗಂಟೆಗೆ ಸ್ನಾನ ಮುಗಿಸಿ ಇಷ್ಟಲಿಂಗ ಪೂಜೆಗೆ ಕುಳಿತಾಗ ಮತ್ತೋಡಿನಲ್ಲಿ ಇನ್ನೂ ರಾತ್ರಿ ಒಂದೂವರೆ. "ಶಿವನನ್ನು ನಿದ್ದೆಯಿಂದ ಎಬ್ಬಿಸಿದಂತಾಯಿತು" ಎಂದು ಶ್ರೀಮತಿಯವರು ನಕ್ಕರು. ಅಂಗೈಯ ಮೇಲಿನ ದೇವರಿಗೆ ಯಾವ ಊರಿನ ಗಡಿಯಾರವೆಂದು ನಾನು ಹೇಳಿದೆನಾದರೂ, ಅವರ ನಗೆ ಅದಕ್ಕಿಂತ ಚೆನ್ನಾಗಿತ್ತು.

ರೈಲು ನಿಲ್ದಾಣದಿಂದ ದೇವಾಲಯದವರೆಗೆ ಇಳಿಜಾರಾಗಿ ಸುತ್ತಿಕೊಂಡು ಹೋಗುವ ಹಳೆಯ ಬೀದಿಯೊಂದಿದೆ, ಒಮೊತೆಸಂದೊ ಎನ್ನುತ್ತಾರೆ. ಸುಮಾರು 800 ಮೀಟರ್ ಉದ್ದ. ಇಕ್ಕೆಲಗಳಲ್ಲಿ ಮರದ ಅಂಗಡಿಗಳು, ಉಪ್ಪಿನಕಾಯಿ, ಬಿದಿರಿನ ಬುಟ್ಟಿ, ಔಷಧಿ, ಸಿಹಿತಿನಿಸು. ನಮ್ಮ ಜಾತ್ರೆಯ ಬೀದಿಯೊಂದನ್ನು ಯಾರೋ ತೊಳೆದು ಒರೆಸಿ ಇಟ್ಟಂತಿತ್ತು. ಈ ಬೀದಿಗೆ ಪ್ರಸಿದ್ಧಿ ಬಂದಿರುವುದು ಹಾವುಮೀನಿನ ಅಡಿಗೆಯಿಂದ. ಕೆಲವು ಅಂಗಡಿಗಳಲ್ಲಿ ಬೀದಿಯೆದುರೇ ಮೀನನ್ನು ಸೀಳುತ್ತಾರೆ. ಅದೇ ಅವರ ಊರಿನ ಹೆಮ್ಮೆ. ನಾವು ಬೇಗ ಬೇಗ ನಡೆದೆವು.

ಸಸ್ಯಾಹಾರಿಗಳು ಜಪಾನಿನಲ್ಲಿ ಎಚ್ಚರದಿಂದಿರಬೇಕು. ತರಕಾರಿಯಷ್ಟೇ ಇರುವಂತೆ ಕಾಣುವ ಸಾರಿನಲ್ಲಿಯೂ, ಗೋಧಿಯ ಶಾವಿಗೆಯ ಬಟ್ಟಲಿನಲ್ಲಿಯೂ ಒಣಮೀನಿನಿಂದ ಬಸಿದ ತಿಳಿ ಸೇರಿರುತ್ತದೆ. ಅದನ್ನು ಅವರು ದಾಶಿ ಎನ್ನುತ್ತಾರೆ. ಮಾಂಸವಿಲ್ಲವೆಂದು ಅವರು ಹೇಳಿದರೆ ಸುಳ್ಳು ಹೇಳಿದಂತಲ್ಲ. ಸಾರಿನ ತಿಳಿಯನ್ನು ಅವರು ಮಾಂಸದ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೆ. ಮಾಂಸ, ಮೀನು, ಮೊಟ್ಟೆ, ದಾಶಿ ಬೇಡವೆಂದು ಸೊಸೆ ಜಪಾನಿ ಲಿಪಿಯಲ್ಲಿ ಮುದ್ರಿಸಿ ಕಳುಹಿಸಿದ್ದ ಚೀಟಿಯೇ ನಮ್ಮನ್ನು ಕಾಪಾಡಿತು. ಹುಳಿಯ ಉಪ್ಪುಹಣ್ಣನ್ನು ಒಳಗಿಟ್ಟು ಕಟ್ಟಿದ ಅನ್ನದ ಉಂಡೆ ನಮ್ಮ ಬುತ್ತಿಯ ಚಿತ್ರಾನ್ನವನ್ನು ನೆನಪಿಸಿತು. ಮನಸ್ಸು ಗೆದ್ದುದು ಯೋಕನ್ ಎಂಬ ಸಿಹಿ. ಕೆಂಪು ಅವರೆಯಂತಹ ಕಾಳನ್ನು ಬೇಯಿಸಿ ಅರೆದು, ಸಕ್ಕರೆ ಕೂಡಿಸಿ, ಕಡಲಪಾಚಿಯಿಂದ ತೆಗೆದ ಅಗರಿನಿಂದ ಗಟ್ಟಿ ಮಾಡಿದ್ದು. ಯಾವ ಪ್ರಾಣಿಜನ್ಯ ಪದಾರ್ಥವೂ ಅದರಲ್ಲಿ ಸೇರದು. ನರಿತಾದಲ್ಲಿ ಅದಕ್ಕೆ ಬೆಟ್ಟದ ಕಾಯಿಯ ಚೂರುಗಳನ್ನೂ ಸೇರಿಸುತ್ತಾರೆ. "ಇದು ನಮ್ಮ ಹೋಳಿಗೆಯ ಹೂರಣ, ಕಣಕ ಮರೆತಿದ್ದಾರೆ" ಎಂದು ಶ್ರೀಮತಿಯವರು ತೀರ್ಪಿತ್ತರು. ಮೊಮ್ಮಗಳ ಮನೆಗೆ ಎರಡು ಕಟ್ಟು ಕೊಂಡೆವು.

ಆ ಅಂಗಡಿಯಲ್ಲಿ ಗಲ್ಲೆಯ ಹಿಂದೆ ಎಂಬತ್ತು ದಾಟಿದ ಒಬ್ಬ ಅಜ್ಜಿ ಕುಳಿತಿದ್ದರು. ಶ್ರೀಮತಿಯವರು ಹಣ ಕೊಡಲು ಕೈ ಚಾಚಿದಾಗ ಹಸಿರು ಗಾಜಿನ ಬಳೆಗಳು ಘಲ್ಲೆಂದವು. ಅಜ್ಜಿ ಹಣವನ್ನು ಮರೆತು ಬಳೆಗಳನ್ನೇ ನೋಡಿದರು. ಒಂದು ಬೆರಳಿನಿಂದ ಮೆಲ್ಲಗೆ ತಟ್ಟಿ ಮತ್ತೊಮ್ಮೆ ಸದ್ದು ಕೇಳಿದರು. ಶ್ರೀಮತಿಯವರು ತಡಮಾಡಲಿಲ್ಲ. ಎರಡು ಬಳೆಗಳನ್ನು ಬಿಚ್ಚಿ ಆಕೆಯ ಕೈಗೆ ಏರಿಸಲು ನೋಡಿದರು. ಆ ಸಣ್ಣ ಕೈಗೆ ಅವು ಸಲೀಸಾಗಿ ಹೋದವು. ಆಕೆ ಎದ್ದು ನಿಂತು ಸೊಂಟ ಬಾಗಿಸಿ ನಮಸ್ಕರಿಸಿದರು, ಇವರೂ ಬಾಗಿದರು, ಅವರು ಮತ್ತೆ ಬಾಗಿದರು. ನಾನು ಹೊರಡಿಸದಿದ್ದರೆ ಇಬ್ಬರೂ ಅಂದು ಸಂಜೆಯವರೆಗೆ ಬಾಗುತ್ತಲೇ ಇರುತ್ತಿದ್ದರೇನೋ.

ಬಳೆಯ ವಿಚಾರದಲ್ಲಿ ಮತ್ತೋಡಿಗೆ ಒಂದು ಹಕ್ಕಿದೆಯೆಂಬುದು ಇಂದಿನ ಮಕ್ಕಳಿಗೆ ತಿಳಿಯದು. ಪಾಳೆಯಗಾರರ ಆ ಊರಿನಲ್ಲಿ ಹಿಂದೆ ಬಳೆಗಾಜಿನ ಕುಲುಮೆಗಳಿದ್ದವು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ನಮ್ಮೂರಿನ ಗಾಜು ಮಾಡುವ ವಿಧಾನವನ್ನು ತನ್ನ ಪ್ರವಾಸ ಗ್ರಂಥದಲ್ಲಿ ದಾಖಲಿಸಿದ್ದಾನೆ. ಕುಲುಮೆಗಳು ಆರಿ ಎಷ್ಟೋ ತಲೆಮಾರುಗಳಾದವು. ಶ್ರೀಮತಿಯವರ ಬಳೆಗಳು ಹೊಸದುರ್ಗದ ಸಂತೆಯಲ್ಲಿ ಕೊಂಡವು, ಅಷ್ಟೆ. ಅಜ್ಜಿಗೆ ಇದನ್ನೆಲ್ಲ ಹೇಳಲು ಭಾಷೆ ಇರಲಿಲ್ಲ.

ಬೀದಿಯ ಕೊನೆಯಲ್ಲಿ ನರಿತಾಸಾನ್ ಶಿನ್ಶೋಜಿ ದೇವಾಲಯ. ಕ್ರಿ.ಶ. 940ರಲ್ಲಿ ಸ್ಥಾಪನೆಯಾದುದು. ಆಗ ತೈರಾ ನೋ ಮಸಕಾದೋ ಎಂಬ ಸಾಮಂತನು ಚಕ್ರವರ್ತಿಯ ವಿರುದ್ಧ ದಂಗೆಯೆದ್ದಿದ್ದನು. ದಂಗೆ ಅಡಗಲೆಂದು ಪ್ರಾರ್ಥಿಸಲು ಕ್ಯೋತೋದಿಂದ ಒಬ್ಬ ಭಿಕ್ಷು ಇಲ್ಲಿಗೆ ಮೂರ್ತಿಯೊಂದನ್ನು ತಂದನೆಂದೂ, ಆ ಮೂರ್ತಿಯನ್ನು ಕೂಕೈ ಎಂಬ ಮಹಾಗುರುವೇ ಕೆತ್ತಿದ್ದನೆಂದೂ ಐತಿಹ್ಯ. ಕಡಿದಾದ ಕಲ್ಲಿನ ಮೆಟ್ಟಿಲುಗಳು, ಬಂಡೆಯ ಮೇಲೆ ಆಮೆಗಳು ಬಿಸಿಲು ಕಾಯುವ ಕೊಳ, 1712ರಲ್ಲಿ ಕಟ್ಟಿದ ಬಣ್ಣದ ಮೂರಂತಸ್ತಿನ ಗೋಪುರ. ಹಿಂದೆ ವಿಶಾಲವಾದ ಉದ್ಯಾನ. ಪ್ರವೇಶಕ್ಕೆ ಹಣವಿಲ್ಲ.

ಮೂರ್ತಿಯ ಹೆಸರು ಫುದೋ ಮ್ಯೋಓ. ಸಂಸ್ಕೃತದಲ್ಲಿ ಅಚಲ. ಬಂಡೆಯ ಮೇಲೆ ಕುಳಿತ ಉಗ್ರರೂಪ. ಬಲಗೈಯಲ್ಲಿ ಖಡ್ಗ, ಎಡಗೈಯಲ್ಲಿ ಪಾಶ, ಬೆನ್ನ ಹಿಂದೆ ಜ್ವಾಲೆ. ದಿನಕ್ಕೆ ಹಲವು ಬಾರಿ ಆತನ ಮುಂದೆ ಗೋಮಾ ಎಂಬ ಅಗ್ನಿಕಾರ್ಯ ನಡೆಯುತ್ತದೆ. ಗೋಮಾ ಎಂದರೆ ನಮ್ಮ ಹೋಮವೇ. ಕೂಕೈಯು 804ರಲ್ಲಿ ಚೀನಾಕ್ಕೆ ಹೋಗಿ 806ರಲ್ಲಿ ಮರಳುವಾಗ ಆ ವಿಧಿಯನ್ನು ಕಲಿತು ತಂದನು. ಭಾರತದಿಂದ ಚೀನಾಕ್ಕೆ, ಚೀನಾದಿಂದ ಜಪಾನಿಗೆ ನಡೆದುಹೋದ ಬೆಂಕಿ ಅದು. ಪಾದರಕ್ಷೆಗಳನ್ನು ಕಳಚಿ ಯಾರು ಬೇಕಾದರೂ ಒಳಗೆ ಕೂರಬಹುದು. ಹೋಮ ಹವನಗಳನ್ನು ಹನ್ನೆರಡನೆಯ ಶತಮಾನದಲ್ಲಿಯೇ ತೊರೆದ ಪರಂಪರೆಯ ನಾವು ಹೊಸ್ತಿಲಲ್ಲಿ ಒಂದು ಗಳಿಗೆ ನಿಂತೆವೆಂಬುದನ್ನು ಮುಚ್ಚಿಡುವುದಿಲ್ಲ. ಬಳಿಕ ಹಿಂದಿನ ಸಾಲಿನಲ್ಲಿ ಕುಳಿತೆವು. ದೊಡ್ಡದೊಂದು ನಗಾರಿ ಎದೆಯ ಗೂಡಿನಲ್ಲೇ ಬಡಿದಂತೆ ಕೇಳಿತು. ಕೊನೆಗೆ ಭಕ್ತರು ತಮ್ಮ ಕೈಚೀಲ, ತೊಗಲಿನ ಪಾಕೀಟುಗಳನ್ನು ಅರ್ಚಕರಿಗೆ ಕೊಟ್ಟು ಬೆಂಕಿಯ ಬಿಸಿಗೆ ಹಿಡಿಸಿಕೊಳ್ಳಲು ಸಾಲಾಗಿ ಹೋದರು. ಪಕ್ಕದಲ್ಲಿದ್ದವರು ನನ್ನ ಚೀಲವನ್ನು ತೋರಿಸಿ, ಹೋಗಿರೆಂದು ಸನ್ನೆ ಮಾಡಿದರು. ಕಾಗದದ ಕಟ್ಟು ಅದರಲ್ಲಿಯೇ ಇತ್ತು. ನಾನು ಏಳಲಿಲ್ಲ.

ಹೊರಗೆ ಬಂದ ಮೇಲೆ ಕಣ್ಣಿಗೆ ಬಿದ್ದ ಒಂದು ಅಕ್ಷರದ ಬಗ್ಗೆ ಬರೆಯದಿರಲಾರೆ. ಕಲ್ಲಿನ ಮೇಲೆ, ಮರದ ಹಲಗೆಯ ಮೇಲೆ, ಜಪಾನಿನದೂ ಅಲ್ಲ ಚೀನಾದ್ದೂ ಅಲ್ಲ ಎನ್ನಿಸುವ, ಬಳ್ಳಿಯಂತೆ ಬಾಗಿದ ಒಂದೊಂದೇ ಅಕ್ಷರಗಳು. ಅವು ಸಿದ್ಧಂ ಎಂಬ ಲಿಪಿಯವು. ಅಚಲನ ಬೀಜಾಕ್ಷರವಾದ 'ಹಾಂ' ಎಂಬುದನ್ನು ಅವರು ಇಂದಿಗೂ ಅದೇ ಲಿಪಿಯಲ್ಲಿ ಬರೆಯುತ್ತಾರೆ. ಸಿದ್ಧಂ ಲಿಪಿ ಬ್ರಾಹ್ಮಿಯ ಸಂತತಿ. ನಮ್ಮ ಕನ್ನಡವೂ ಬ್ರಾಹ್ಮಿಯ ಸಂತತಿ. ಆ ಬ್ರಾಹ್ಮಿಯಲ್ಲಿ ಕೆತ್ತಿದ ಅಶೋಕನ ಶಾಸನಗಳು ನಮ್ಮದೇ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಂಡೆಯ ಮೇಲಿವೆ, 1892ರಲ್ಲಿ ಬಿ.ಎಲ್. ರೈಸ್ ಅವರು ಅವನ್ನು ಬೆಳಕಿಗೆ ತಂದರು. ಇನ್ನೂ ಸ್ವಾರಸ್ಯವೆಂದರೆ, ಜಪಾನಿನ ಮಕ್ಕಳು ಶಾಲೆಯಲ್ಲಿ ಕಲಿಯುವ ವರ್ಣಮಾಲೆಯ ಕ್ರಮ: ಅ, ಇ, ಉ, ಎ, ಒ, ಬಳಿಕ ಕ, ಸ, ತ, ನ, ಹ, ಮ, ಯ, ರ, ವ. ಸಂಸ್ಕೃತ ವರ್ಣಮಾಲೆಯನ್ನು ಓದಿದ ಭಿಕ್ಷುಗಳ ಪ್ರಭಾವದಿಂದ ಬಂದ ಕ್ರಮವಿದು. ಶ್ರೀಮತಿಯವರು ಮೂವತ್ತು ವರ್ಷ ಒಂದನೆಯ ತರಗತಿಗೆ ಪಾಠ ಹೇಳಿದವರು. ದೇವಾಲಯದ ಮೆಟ್ಟಿಲ ಮೇಲೆ ಕುಳಿತು ಈ ಸಾಲನ್ನು ಎರಡು ಸಲ ಗಟ್ಟಿಯಾಗಿ ಹೇಳಿದರು. ಹತ್ತಿರದಲ್ಲಿದ್ದ ಸಮವಸ್ತ್ರದ ಮಕ್ಕಳು ನಕ್ಕು ತಾವೂ ಹೇಳಿದರು.

ಇಷ್ಟಕ್ಕೇ ಹಿಂದಿರುಗಿದ್ದರೂ ಹಗಲು ಸಾರ್ಥಕವಾಗುತ್ತಿತ್ತು. ಆದರೆ ಇನ್ನೂ ಮೂರು ಗಂಟೆಗಳು ಉಳಿದಿದ್ದವು. ವಸತಿಗೃಹದ ಮೇಜಿನ ಮೇಲಿದ್ದ ನಕ್ಷೆಯಲ್ಲಿ ವಿಮಾನ ನಿಲ್ದಾಣದ ಅಂಚಿಗೆ ಶಿಬಯಾಮ ಎಂಬ ಊರಿನಲ್ಲಿ ಒಂದು ವಸ್ತುಸಂಗ್ರಹಾಲಯವಿದೆಯೆಂದು ಗುರುತಿತ್ತು. ವಿಮಾನಗಳ ಸಂಗ್ರಹಾಲಯದ ಪಕ್ಕದಲ್ಲಿ, ಆಕಾಶ ಮತ್ತು ನೆಲದ ಇತಿಹಾಸದ ಮನೆ ಎಂಬ ಅರ್ಥದ ಹೆಸರಿನದು. 2011ರಲ್ಲಿ ವಿಮಾನ ನಿಲ್ದಾಣದ ಸಂಸ್ಥೆಯೇ ತೆರೆದದ್ದು. ಶ್ರೀಮತಿಯವರನ್ನು ನೆರಳಿನಲ್ಲಿ ಕೂರಿಸಿ ಅರ್ಧ ಗಂಟೆಯಲ್ಲಿ ಬರುತ್ತೇನೆಂದು ಒಳಗೆ ಹೋದವನು ಒಂದೂವರೆ ಗಂಟೆ ಬರಲಿಲ್ಲ.

1966ರ ಜುಲೈ 4ರಂದು ಜಪಾನ್ ಸರ್ಕಾರವು ಸನ್ರಿಜುಕಾ ಎಂಬ ಪ್ರದೇಶದಲ್ಲಿ ಹೊಸ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನು ಕಟ್ಟುವುದೆಂದು ತೀರ್ಮಾನಿಸಿತು. ಮೊದಲು ನೋಡಿದ್ದ ತೊಮಿಸಾತೊ ಎಂಬಲ್ಲಿ ಪ್ರತಿಭಟನೆ ಜೋರಾದ ಕಾರಣ ಇಲ್ಲಿಗೆ ಬಂದರು. ಇಲ್ಲಿ ಅರಮನೆಯ ಕುದುರೆಗಾವಲಿತ್ತು. ಅದು ಸರ್ಕಾರಿ ನೆಲ. ಉಳಿದುದು ರೈತರದು. ಅವರಲ್ಲಿ ಅನೇಕರು 1945ರಲ್ಲಿ ಯುದ್ಧ ಮುಗಿದಾಗ ಬರಿಗೈಯಲ್ಲಿ ಬಂದು, ಕಾಡು ಕಡಿದು, ಬೇರು ಕಿತ್ತು ಹೊಲ ಮಾಡಿದವರು. ಭೂಮಿ ಕೈಗೆ ಹತ್ತುವ ಹೊತ್ತಿಗೆ, ತಮ್ಮನ್ನು ಒಂದು ಮಾತೂ ಕೇಳದೆ ಆದ ತೀರ್ಮಾನವನ್ನು ಅವರು ಕೇಳಿದರು. ಆಮೇಲೆ ನಡೆದುದು ಹೋರಾಟವೆಂಬುದಕ್ಕಿಂತ ಕಾಳಗ. ರೈತರು ನೆಲದಡಿಯಲ್ಲಿ ಸುರಂಗ ತೋಡಿ ಕುಳಿತರು. ಮುದುಕಿಯರು ಮರಗಳಿಗೆ ಸರಪಳಿಯಿಂದ ಮೈ ಬಿಗಿದುಕೊಂಡರು. 1971ರ ಸೆಪ್ಟೆಂಬರ್ 16ರಂದು ಮೂವರು ಪೊಲೀಸರು ಪ್ರಾಣ ಕಳೆದುಕೊಂಡರು. ಅದಾದ ಕೆಲವೇ ದಿನಗಳಲ್ಲಿ ಒಬ್ಬಂಟಿ ವೃದ್ಧೆಯೊಬ್ಬರ ಮನೆಯನ್ನು ಕೆಡವಲಾಯಿತು. 1978ರ ಮಾರ್ಚ್ 26ರಂದು ಪ್ರತಿಭಟನೆಕಾರರು ನಿಯಂತ್ರಣ ಗೋಪುರಕ್ಕೆ ನುಗ್ಗಿ ಯಂತ್ರಗಳನ್ನು ಒಡೆದರು. ನಾಲ್ಕು ದಿನಗಳಲ್ಲಿ ಆಗಬೇಕಿದ್ದ ಉದ್ಘಾಟನೆ ಮೇ 20ಕ್ಕೆ ಹೋಯಿತು. ಮೂರು ಓಡುದಾರಿಗಳ ಯೋಜನೆ ಒಂದೇ ದಾರಿಯಿಂದ ಆರಂಭವಾಯಿತು. ಎರಡನೆಯದು ಬಂದುದು 2002ರಲ್ಲಿ, ಅದೂ 2180 ಮೀಟರಿನ ಮೊಟಕು ದಾರಿ. 2009ರಲ್ಲಿ 2500 ಮೀಟರಿಗೆ ಬೆಳೆಯಿತು. ಈ ನಡುವೆ 1990ರ ದಶಕದಲ್ಲಿ ಸರ್ಕಾರವೂ ರೈತರೂ ಎದುರುಬದುರು ಕುಳಿತು ಮಾತಾಡಿದರು. ಬಲಪ್ರಯೋಗಕ್ಕಾಗಿ ಸರ್ಕಾರ ಕ್ಷಮೆ ಕೇಳಿತು.

ಗೋಡೆಯ ಮೇಲೆ ಹಳೆಯ ಛಾಯಾಚಿತ್ರಗಳು. ತಲೆಗೆ ಬಟ್ಟೆ ಕಟ್ಟಿದ ಹೆಂಗಸರು, ಕಾಲು ಕೆಸರು. ಅವರ ಮುಖಗಳನ್ನು ನೋಡುತ್ತ ನನಗೆ ಮಾರಿಕಣಿವೆ ನೆನಪಾಯಿತು. 1898ರಲ್ಲಿ ಮೊದಲಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಹಿನ್ನೀರಿಗೆ ಹೊಸದುರ್ಗ ಸೀಮೆಯ ಹೊಲಗಳು ಹೋದವು. ನಮ್ಮ ಮುತ್ತಜ್ಜನದೂ ಹೋಯಿತೆಂದು ಮನೆಯಲ್ಲಿ ಹೇಳುತ್ತಿದ್ದರು. ಹಿರಿಯೂರಿಗೆ ನೀರು ಕೊಟ್ಟ ಅಣೆಕಟ್ಟನ್ನು ನಾನು ಬಯ್ಯಲಾರೆ. ಅಂದು ಮುತ್ತಜ್ಜನನ್ನು ಯಾರು ಕೇಳಿದರೋ, ಅವನು ಏನೆಂದನೋ, ಒಂದು ಛಾಯಾಚಿತ್ರವೂ ಇಲ್ಲ, ಒಂದು ಕಾಗದವೂ ಇಲ್ಲ. 1933ರ ಬಳಿಕ ತುಂಬದಿದ್ದ ಆ ಕೆರೆ 2022ರಲ್ಲಿ ಕೋಡಿ ಹರಿದಾಗ ಹಿನ್ನೀರು ನಮ್ಮ ಭಾಗದ ತೋಟಗಳಿಗೆ ನುಗ್ಗಿತು. ಆಗ ಅಣ್ಣನು ನೀರಿನ ಅಂಚಿನಲ್ಲಿ ನಿಂತು, "ಮುತ್ತಜ್ಜನ ಹೊಲ ಇಲ್ಲೇ ಎಲ್ಲೋ ಇರಬೇಕು" ಎಂದಿದ್ದ. ಆ ಮಾತು ಸಾವಿರಾರು ಮೈಲಿ ದೂರದ ಆ ಕೊಠಡಿಯಲ್ಲಿ ಕಿವಿಗೆ ಬಿತ್ತು.

ಹೊರಗೆ ಬಂದಾಗ ಶ್ರೀಮತಿಯವರು ಸಿಟ್ಟಾಗಿರಲಿಲ್ಲ, ಹೆದರಿದ್ದರು. ವಿಮಾನ ತಪ್ಪಿದರೇನು ಗತಿಯೆಂದು ಮೂರು ಜನರಿಗೆ ಟಿಕೆಟ್ಟು ತೋರಿಸಿದ್ದರಂತೆ. ಮೂವರೂ ಅದೇ ಬಸ್ಸನ್ನು ತೋರಿಸಿದ್ದರಂತೆ. ಓದುಗರು ನನ್ನಂತೆ ಮಾಡಬಾರದು.

ಸಂಜೆ ವಿಮಾನವು ನಿಲುಗಡೆಯಿಂದ ಹೊರಟು ನೆಲದ ಮೇಲೆ ಬಹಳ ಹೊತ್ತು ತೆವಳಿತು. ಕಿಟಕಿಯ ಬಳಿ ಶ್ರೀಮತಿಯವರಿದ್ದರು. "ಇಲ್ಲಿ ನೋಡಿ, ಸೊಪ್ಪಿನ ಮಡಿ!" ಎಂದರು. ಎತ್ತರದ ಬೇಲಿಯ ಆಚೆ, ಕಾಂಕ್ರೀಟಿನ ನಡುವೆ, ಒಂದು ಹಸಿರು ತುಂಡು. ಸಾಲು ಹಿಡಿದ ತರಕಾರಿ. ಸಂಗ್ರಹಾಲಯದಿಂದ ಬಂದಿದ್ದ ನನಗೆ ಅದೇನೆಂಬುದು ತಿಳಿಯಿತು. ನೆಲ ಬಿಡಲೊಪ್ಪದ ರೈತ ಕುಟುಂಬಗಳ ಹೊಲಗಳು ನಿಲ್ದಾಣದ ಒಡಲಲ್ಲಿ ಉಳಿದುಬಿಟ್ಟವು. ಒಂದು ಹೊಲವನ್ನು ತಪ್ಪಿಸಲು ವಿಮಾನಗಳ ದಾರಿಯನ್ನೇ ಬಾಗಿಸಬೇಕಾಯಿತು. ಅಲ್ಲಿ ಮೂರು ತಲೆಮಾರುಗಳಿಂದ ತರಕಾರಿ ಬೆಳೆಯುತ್ತ ಬಂದಿದ್ದಾರೆ. ವರ್ಷಗಟ್ಟಲೆ ವ್ಯಾಜ್ಯ ನಡೆದು, ನ್ಯಾಯಾಲಯದ ತೀರ್ಪಿನಂತೆ 2023ರ ಫೆಬ್ರವರಿಯಲ್ಲಿ ಆ ನೆಲದ ಒಂದು ಭಾಗವನ್ನು ತೆರವು ಮಾಡಿದರು. ನಾವು ನೋಡಿದ ತುಂಡು ಅದೇ ಹೊಲದ್ದೋ ಪಕ್ಕದ್ದೋ, ಕಣ್ಣು ಕೀಲಿಸುವಷ್ಟರಲ್ಲಿ ಹಿಂದೆ ಸರಿಯಿತು.

ಅಮೆರಿಕೆಯ ಆರು ತಿಂಗಳ ಕಥೆ ಈ ಬರೆಹದ್ದಲ್ಲ. ಮೊಮ್ಮಗಳು ಯೋಕನ್ನಿನ ಕಾಗದವನ್ನು ಮಾತ್ರ ಬಾಯಿಗೆ ಹಾಕಿಕೊಂಡಳೆಂದಷ್ಟೇ ಹೇಳುವೆನು. ತೋಟದ ಮಾತು ಮೂರು ಸಲ ಎದ್ದು ಮೂರು ಸಲವೂ ಊಟದ ಕರೆಗೆ ನಿಂತಿತು. ಕೊನೆಯ ವಾರ ಮಗನೇ, "ಸಹಿ ಹಾಕುವುದಾದರೆ ನಿಮ್ಮ ಮನಸ್ಸಿನಿಂದ ಹಾಕಿ, ನನಗಾಗಿ ಬೇಡ" ಎಂದ. ಅಷ್ಟು ಹೇಳಲು ಅವನಿಗೆ ಕಷ್ಟವಾಯಿತೆಂಬುದು ನನಗೆ ಗೊತ್ತು. ಮುದುಪಿನ ತಂದೆತಾಯಿಗಳನ್ನು ಬತ್ತಿದ ಬಾವಿಗಳ ಊರಿಗೆ ಕಳುಹಿಸುವುದು ಯಾವ ಮಗನಿಗೂ ಸುಲಭವಲ್ಲ.

ಮರಳುವಾಗ ನರಿತಾದಲ್ಲಿ ಐದು ಗಂಟೆಗಳಷ್ಟೇ. ವೀಸಾ ಒಂದೇ ಪ್ರವೇಶದ್ದಾದ್ದರಿಂದ ಬಾಗಿಲು ನಮಗೆ ತೆರೆಯಲಿಲ್ಲ, ತಪ್ಪು ನನ್ನದು. ಒಳಗಿದ್ದರೂ ಕಾಲ ಕಳೆಯುವುದು ಕಷ್ಟವಲ್ಲ. ಹಣ ಕೊಟ್ಟರೆ ಬಿಸಿನೀರಿನ ಸ್ನಾನದ ಕೋಣೆ ಸಿಗುತ್ತದೆ. ಹನ್ನೊಂದು ಗಂಟೆಗಳ ಹಾರಾಟದ ಬಳಿಕ ಆ ಸ್ನಾನ ಪುನರ್ಜನ್ಮ. ಮಡಿಯುಟ್ಟು, ಜನವಿಲ್ಲದ ಮೂಲೆಯೊಂದನ್ನು ಹುಡುಕಿ, ಗಾಜಿನ ಗೋಡೆಗೆ ಮುಖ ಮಾಡಿ ಇಬ್ಬರೂ ಪೂಜೆ ಮುಗಿಸಿದೆವು. ಯಾರೂ ತಿರುಗಿ ನೋಡಲಿಲ್ಲ. ಸ್ವಚ್ಛಗೊಳಿಸುತ್ತಿದ್ದ ಹೆಂಗಸೊಬ್ಬರು ತಮ್ಮ ಗಾಡಿಯನ್ನು ದೂರದಲ್ಲೇ ನಿಲ್ಲಿಸಿ, ನಾವು ಏಳುವವರೆಗೆ ಆ ಕಡೆ ಬರಲಿಲ್ಲ.

ಶ್ರೀಮತಿಯವರಿಗೆ ಅಂಗಡಿಯ ಅಜ್ಜಿಯನ್ನು ಮತ್ತೆ ನೋಡುವ ಆಸೆಯಿತ್ತು. ಹತ್ತೇ ನಿಮಿಷಗಳ ದಾರಿ. ಅವರಿಗೆಂದು ಮಗನ ಊರಿನ ಭಾರತೀಯ ಅಂಗಡಿಯಲ್ಲಿ ಒಂದು ಡಜನ್ ಕೆಂಪು ಬಳೆ ಕೊಂಡು, ಒಡೆಯದಂತೆ ಮಗುವಿನ ಹಳೆಯ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಅದು ನನಗೆ ಅಂದೇ ತಿಳಿದದ್ದು. ವೀಸಾದ ಅರ್ಜಿಯಲ್ಲಿ ಒಂದು ಗೆರೆ ಬರೆಯದ ನನ್ನ ಮೇಲೆ ಅವರು ಸಿಟ್ಟಾಗಲಿಲ್ಲ. ಬಳೆಗಳನ್ನು ಬಿಚ್ಚಿ ನೋಡಿ, ಮತ್ತೆ ಸುತ್ತಿಟ್ಟರು.

ಬೆಂಗಳೂರಿನ ವಿಮಾನ ತೆವಳುತ್ತಿದ್ದಾಗ ಈ ಬಾರಿ ಕಿಟಕಿ ನನ್ನ ಪಾಲಿಗೆ ಬಂದಿತ್ತು. ಬೇಲಿ ಕಂಡಿತು, ಹಸಿರು ಕಂಡಿತು. ಚಳಿಗಾಲ ಬರುತ್ತಿದ್ದುದರಿಂದ ಸಾಲುಗಳ ಮೇಲೆ ಬಿಳಿಯ ಹೊದಿಕೆ ಹಾಸಿದ್ದರು. ಒಬ್ಬ ಮನುಷ್ಯ ಬಗ್ಗಿ ಅದರ ಅಂಚಿಗೆ ಮಣ್ಣು ಎಳೆಯುತ್ತಿದ್ದ. ನಮ್ಮ ವಿಮಾನದ ರೆಕ್ಕೆ ಅವನ ಆಚೆ ಹಾದುಹೋದರೂ ತಲೆ ಎತ್ತಲಿಲ್ಲ.

"ಏನು ಬೆಳೆದಿದ್ದಾನೆ?" ಎಂದರು ಶ್ರೀಮತಿಯವರು, ನನ್ನ ಭುಜದ ಮೇಲಿಂದ ಬಗ್ಗಿ.

ಮೂಲಂಗಿ ಇರಬೇಕೆಂದೆ. ಕಾಗದಗಳು ಈಗ ಊರಿನಲ್ಲಿ, ಕಬ್ಬಿಣದ ಪೆಟ್ಟಿಗೆಯಲ್ಲಿವೆ. ಕೊಳ್ಳುವವರು ಯುಗಾದಿಯ ಬಳಿಕ ಮತ್ತೆ ಬರುತ್ತೇವೆಂದಿದ್ದಾರೆ. ಮೂರನೆಯ ಕೊಳವೆಬಾವಿಯಲ್ಲಿ ಈ ವಾರ ಎರಡಿಂಚು ನೀರಿದೆ.